ಊರ ಸುತ್ತಿನ ಕಾಲುದಾರಿ

ನಡೆಯುವುದರಲ್ಲಿ ಎರಡು ಬಗೆ. ಒಂದೂರಿನಿಂದ ಮತ್ತೊಂದೂರಿಗೆ ಕಾರ್ಯಾರ್ಥವಾಗಿ ನಡೆಯುವುದು ಒಂದು; ಹೊರಟ ಎಡೆಗೇ ಸುತ್ತಿ ಮರಳುವುದು ಮತ್ತೊಂದು. ಮೊದಲನೆಯದನ್ನು ವಾಹನಗಳು ಕಸಿದುಕೊಂಡವು. ಅದಕ್ಕಾಗಿ ಯಾರೂ ದುಃಖಿಸಬೇಕಾಗಿಲ್ಲ. ಎರಡನೆಯದನ್ನು ಮಾತ್ರ ನಾವೇ ಕೈಬಿಟ್ಟಿದ್ದೇವೆ. ದೇವಾಲಯದ ಪ್ರದಕ್ಷಿಣೆ, ಬೆಳಗಿನ ಜಾವ ರೈತನು ತನ್ನ ಹೊಲದ ಬದುವನ್ನು ಸುತ್ತಿ ಬರುವುದು, ಮಠದ ಚರಮೂರ್ತಿಗಳು ಹಳ್ಳಿಹಳ್ಳಿಗಳನ್ನು ಸುತ್ತಿ ಮರಳುತ್ತಿದ್ದುದು, ಇವೆಲ್ಲ ಆ ಎರಡನೆಯ ಬಗೆಯವು. ತನ್ನದೆಂಬ ನೆಲವನ್ನು ಕಾಲಿನಿಂದ ಅರಿಯುವ ಕ್ರಮ ಅದು.

ಗುಂಡ್ಲುಪೇಟೆಯ ಸೀಮೆಯಲ್ಲಿ ನಡಿಗೆಯ ಮಾತೆತ್ತಿದೊಡನೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ನೆನಪಿಗೆ ಬರುವುದು ಸಹಜ. 1,454 ಮೀಟರ್ ಎತ್ತರದ ಈ ಬೆಟ್ಟದ ಬುಡದಲ್ಲಿ ಕುರುಚಲು, ನಡುವೆ ಎಲೆಯುದುರುವ ಕಾಡು, ನೆತ್ತಿಯಲ್ಲಿ ಮಂಜು ಕವಿದ ಹುಲ್ಲುಗಾವಲು. 1931ರಲ್ಲಿ ಮೈಸೂರು ಅರಸರು ಇಲ್ಲಿ 90 ಚದರ ಕಿಲೋಮೀಟರ್ ವಿಸ್ತಾರದ ವನ್ಯಧಾಮವನ್ನು ರಚಿಸಿ, ಬೆಟ್ಟದ ದೇವರ ಹೆಸರಿನಲ್ಲಿಯೇ ವೇಣುಗೋಪಾಲ ವನ್ಯಧಾಮವೆಂದು ಕರೆದರು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಇಂದು ಬೆಟ್ಟಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ; ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿಯೇ ಹೋಗಿಬರಬೇಕು. ಆನೆ, ಹುಲಿಗಳ ಮನೆಯೊಳಗೆ ಕಾಲ್ನಡಿಗೆಯ ಹಟ ಸಲ್ಲದು. ಈ ನಿಯಮ ಉಚಿತವಾದುದೇ.

ಹಾಗಾದರೆ ನಡೆಯುವವರಿಗೆ ಉಳಿದುದೇನು? ಕಾಡಿನಿಂದ ಈಚೆಗೆ, ಊರಿಗೂ ಅಡವಿಗೂ ನಡುವೆ ಇರುವ ಗೋಮಾಳ, ಗುಡ್ಡದ ಬಯಲು ಮತ್ತು ತೋಪುಗಳು. ಹಂಗಳದ ಕಡೆಯ ಊರುಗಳಾಗಲಿ, ತೆರಕಣಾಂಬಿಯ ಸುತ್ತಲ ಊರುಗಳಾಗಲಿ, ಚಾಮರಾಜನಗರದ ಹೊರವಲಯವಾಗಲಿ, ಎಲ್ಲಿಯಾದರೂ ಸರಿ. ಒಂದೂವರೆ ಹರದಾರಿಯ ಸುತ್ತು ಮೂರು ಗಂಟೆಗಳ ಸಾಧಾರಣ ಶ್ರಮದ್ದು. ಕೆರೆಯ ಏರಿಯಿಂದ ಹೊರಟು, ಚೆಂಡುಹೂವು ಮತ್ತು ಸೂರ್ಯಕಾಂತಿಯ ಹೊಲಗಳ ನಡುವಣ ಬಂಡಿದಾರಿಯಲ್ಲಿ ಸಾಗಿ, ಗುಡ್ಡದ ಓರೆಯನ್ನು ಬಳಸಿ, ಹುಣಸೆಯ ತೋಪಿನ ಮೂಲಕ ಊರ ಬಾಗಿಲಿಗೆ ಬಂದರೆ ಒಂದು ಸುತ್ತು ಮುಗಿಯಿತು.

ಈ ನೆಲ ಪಡುವಣ ಘಟ್ಟಗಳ ಮಳೆನೆರಳಿನದು. ಆದುದರಿಂದ ಇಲ್ಲಿನ ಗಿಡಗಳು ಕುಳ್ಳು, ಮುಳ್ಳು, ಬಿರುಸು. ಕಾರೆ, ಕವಳೆ, ಎಲಚಿ, ಜಾಲಿ, ಬಂದುರೆ. ನಡುವೆ ಚಿನ್ನದಂತೆ ಹೂಬಿಡುವ ತಂಗಡಿ. ಗುಡ್ಡದ ಮೇಲಕ್ಕೆ ಸರಿದಂತೆ ದಿಂಡಿಗ, ಮತ್ತಿ, ಮುತ್ತುಗಗಳು ಕಾಣಿಸಿಕೊಳ್ಳುತ್ತವೆ. ಶಿವರಾತ್ರಿಯ ಹೊತ್ತಿಗೆ ಎಲೆಗಳೆಲ್ಲ ಉದುರಿದ ಮುತ್ತುಗವು ಕೆಂಡದ ರಾಶಿಯಂತೆ ತೋರುತ್ತದೆ. ಪೊದೆಯಿಂದ ಗೌಜಲಹಕ್ಕಿ ಬುರ್ರೆಂದು ಏಳುವ ಸದ್ದಿಗೆ ಮಕ್ಕಳು ಬೆಚ್ಚಿ ನಗುತ್ತಾರೆ. ಇಂಥ ನೆಲವನ್ನು ನಾವು ‘ಬಂಜರು’ ಎಂದು ಕರೆಯುವುದು ವಾಡಿಕೆ. ಮೇಕೆಗೆ ಮೇವು, ಬೇಲಿಗೆ ಮುಳ್ಳು, ಹಸಿದ ಮಗುವಿಗೆ ಹಣ್ಣು, ಪಂಡಿತನಿಗೆ ಮೂಲಿಕೆ ಕೊಟ್ಟ ನೆಲ ಬಂಜರು ಹೇಗಾದೀತು?

ಇಂಗ್ಲೆಂಡಿನಲ್ಲಿಯೂ ಇಂಥ ಕುರುಚಲು ಬಯಲುಗಳುಂಟು. ಅವನ್ನು ಹೀತ್ ಎನ್ನುತ್ತಾರೆ. ಅವು ತಮ್ಮಷ್ಟಕ್ಕೆ ಉಳಿದವಲ್ಲ. ದನಕುರಿಗಳು ಮೇಯುತ್ತ, ಜನರು ಸೌದೆಗೆ ಕಡಿಯುತ್ತ ಬಂದುದರಿಂದಲೇ ಅವು ಬಯಲಾಗಿ ಉಳಿದವು. ಮೇಯಿಸುವವರು ಹೋದೆಡೆ ಮರಗಳು ಮುತ್ತಿ ಬಯಲು ಅಳಿಯಿತು. 2000ನೆಯ ಇಸವಿಯಲ್ಲಿ ಅಲ್ಲಿ ಒಂದು ಕಾಯಿದೆಯಾಗಿ, ಬೆಟ್ಟ, ಹೀತ್ ಮತ್ತು ನೋಂದಾಯಿತ ಸಾಮುದಾಯಿಕ ಬಯಲುಗಳಲ್ಲಿ ನಡೆದಾಡುವ ಹಕ್ಕು ಸಾರ್ವಜನಿಕರಿಗೆ ದೊರೆಯಿತು. ನಮ್ಮಲ್ಲಿಯೂ ಗ್ರಾಮನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿಯೇ ಇಟ್ಟಿದ್ದಾರೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ಹಳ್ಳಿಗರೆಲ್ಲರಿಗೂ ಗೊತ್ತು. ಆದರೆ ನಡೆಯುವವರಿಲ್ಲದ ದಾರಿಯು ನಕ್ಷೆಯಲ್ಲಿ ಮಾತ್ರ ಉಳಿಯುತ್ತದೆ. ವರ್ಷಕ್ಕೆ ಒಂದೊಂದು ಸಾಲು ಉತ್ತು, ಕೊನೆಗೆ ತಂತಿಬೇಲಿ ಹಾಕಿದರೆ ಕೇಳುವವರಾರು?

ಗೋಮಾಳದ ಪಾಡೂ ಇದೇ. ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಊರಿಗೆ ಮೇವಿನ ನೆಲವಿರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳು ಹೇಳುತ್ತವೆ. ಒತ್ತುವರಿಯಿಂದ ಅದು ಕರಗಿದ ಊರುಗಳು ಹಲವು; ಉಳಿದೆಡೆಯಲ್ಲಿ ಲಂಟಾನ ಹಬ್ಬಿ ಹುಲ್ಲನ್ನು ನುಂಗಿದೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಗಿಡವಿದು. ಮೇವಿಲ್ಲದ ಹಸು ಎತ್ತ ಹೋಗಬೇಕು? ಕಾಡಿನತ್ತ ಹೋಗುತ್ತದೆ, ಅಲ್ಲಿ ಹುಲಿಯ ಬಾಯಿಗೆ ಬೀಳುತ್ತದೆ. 2025ರ ಜೂನಿನಲ್ಲಿ ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹುಲಿಯನ್ನೇ ವಾಹನವಾಗಿಸಿಕೊಂಡನೆಂದು ಮಾದಪ್ಪನನ್ನು ಹಾಡುವ ನಾಡಿನಲ್ಲಿ ನಡೆದ ಕೃತ್ಯವಿದು! ಆ ಪಾತಕವನ್ನು ಯಾವ ಕಾರಣವೂ ಸಮರ್ಥಿಸಲಾರದು. ಆದರೂ ಹಸು ಕಳೆದುಕೊಂಡ ಬಡವನ ಸಂಕಟವು ಸುಳ್ಳಲ್ಲ. ಊರಿಗೂ ಕಾಡಿಗೂ ನಡುವಣ ಆ ಕುರುಚಲು ನೆಲ ಗಟ್ಟಿಯಾಗಿದ್ದರೆ ಇಬ್ಬರ ಭೇಟಿಯೂ ವಿರಳವಾಗುತ್ತಿತ್ತು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ತಿಂಗಳಿಗೊಮ್ಮೆಯಾದರೂ ಮನೆಮಂದಿಯೆಲ್ಲ ಕೂಡಿ ನಿಮ್ಮ ಊರನ್ನು ಒಂದು ಸುತ್ತು ನಡೆಯಿರಿ. ದಾರಿ ಬಲ್ಲ ಕುರುಬರನ್ನೋ ದನಗಾಹಿಯನ್ನೋ ಜೊತೆಗೆ ಕರೆಯಿರಿ; ಹಿಂದಿನ ರಾತ್ರಿ ಆನೆ ಎತ್ತ ಹೋಯಿತೆಂಬುದು ಅವರಿಗೆ ತಿಳಿದಿರುತ್ತದೆ. ಬಿಸಿಲೇರಿದ ಮೇಲೆ ಹೊರಟು, ಸಂಜೆಗೆ ಬಹಳ ಮುಂಚೆ ಮರಳಿರಿ. ಆನೆಕಂದಕವನ್ನು ದಾಟಬೇಡಿರಿ. ಬೇಸಗೆಯಲ್ಲಿ ಒಣಹುಲ್ಲಿನ ಬಳಿ ಬೀಡಿ, ಬೆಂಕಿಕಡ್ಡಿ ಕೂಡದು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದುಹೋದುದು ಮರೆಯುವಂಥದಲ್ಲ. ಮಕ್ಕಳಿಗೆ ಹತ್ತು ಗಿಡಗಳ ಹೆಸರು ಕಲಿಸಿರಿ; ನಿಮಗೆ ಬಾರದಿದ್ದರೆ ಅಜ್ಜಿಯರನ್ನು ಕೇಳಿರಿ.

ಹೋಗುವಾಗ ಗ್ರಾಮನಕ್ಷೆಯ ಒಂದು ಪ್ರತಿ ಕೈಯಲ್ಲಿರಲಿ. ದಾರಿ ಎಲ್ಲಿ ಮುಚ್ಚಿದೆ, ಗೋಮಾಳ ಎಷ್ಟು ಉಳಿದಿದೆ ಎಂಬುದನ್ನು ಗುರುತು ಹಾಕಿಕೊಂಡು ಗ್ರಾಮಸಭೆಯಲ್ಲಿ ಸೌಜನ್ಯದಿಂದ ಕೇಳಿರಿ. ಒತ್ತಿದವನು ನಮ್ಮ ಬಂಧುವೇ ಆಗಿದ್ದರೆ ಮೊದಲು ಅವನ ಮನೆಯ ಜಗಲಿಯಲ್ಲಿ ಕುಳಿತು ಕೇಳಿರಿ. ಅದು ಕಷ್ಟದ ಮಾತು. ಆದರೆ ಊರೆಂಬುದು ಎಲ್ಲರಿಗೂ ಸೇರಿದುದೆಂಬ ಮಾತು ನಾಲಗೆಯಲ್ಲಿ ಮಾತ್ರ ಉಳಿಯದೆ ನಡೆಯಲ್ಲಿಯೂ ಕಾಣಬೇಕಷ್ಟೆ.