ಸವೆದ ಥ್ರೆಡ್ ಮತ್ತು 'ಪಾಠದಲ್ಲಿಲ್ಲದ' ಪ್ರಶ್ನೆ

ಕಳೆದ ಅವಧಿಯ ಅಭ್ಯಾಸ ಬೋಧನೆಯಲ್ಲಿ ನಾನು ಒಳ್ಳೆಯ ಅಂಕ ಕೊಟ್ಟ ಪಾಠವೊಂದರ ಬಗ್ಗೆ ಈಗ ನನಗೆ ಸಮಾಧಾನವಿಲ್ಲ. ಪಾಠ ಸರಳ ಯಂತ್ರಗಳದ್ದು, ಅಂದಿನ ವಿಷಯ ತಿರುಪು. ಪ್ರಶಿಕ್ಷಣಾರ್ಥಿ ಕಾಗದದ ತ್ರಿಕೋನವನ್ನು ಪೆನ್ಸಿಲ್‌ಗೆ ಸುತ್ತಿ, ತಿರುಪು ಎಂದರೆ ಸುತ್ತಿದ ಇಳಿಜಾರು ಎಂದು ಅಚ್ಚುಕಟ್ಟಾಗಿ ತೋರಿಸಿದರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಮನೇಲಿ ಅಜ್ಜನ ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡ್ತಿದೀವಿ. ಒಂದು ಬೋಲ್ಟ್ ಎಷ್ಟು ತಿರುಗಿಸಿದ್ರೂ ಬಿಗಿ ಆಗ್ತಿಲ್ಲ, ಯಾಕೆ?" ಎಂದ. ಅವರು ನನ್ನತ್ತ ನೋಡಿದರು. ನನ್ನ ಕೈಯಲ್ಲಿ ವೀಕ್ಷಣಾ ನಮೂನೆ ಇತ್ತು. "ಅದು ಇವತ್ತಿನ ಪಾಠದಲ್ಲಿಲ್ಲ, ಕೂತ್ಕೊ" ಎಂದುಬಿಟ್ಟರು. ನಾನು 'ಉದ್ದೇಶಗಳು ಈಡೇರಿವೆ' ಎಂಬಲ್ಲಿ ಗುರುತು ಹಾಕಿದೆ.

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ನಮ್ಮ ಮನೆಯ ಹಳೆಯ ಮ್ಯಾಸ್ಸಿ ಫರ್ಗುಸನ್ 35ನ್ನು ಬಿಚ್ಚಿ ಜೋಡಿಸುವಾಗ ಅದೇ ತಪ್ಪನ್ನು ನಾನೂ ಮಾಡಿದ್ದೆ. ಅದರಲ್ಲಿದ್ದದ್ದು ಇಂಚಿನ ಬೋಲ್ಟ್‌ಗಳು. ಕಳೆದುಹೋದ 3/8 ಇಂಚಿನ ಬೋಲ್ಟ್ ಬದಲು, ಕೈಗೆ ಸಿಕ್ಕ 10 ಮಿ.ಮೀ. ಬೋಲ್ಟನ್ನು ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದೆ. ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ರಂಧ್ರದ ಥ್ರೆಡ್ ಹೋಗಿತ್ತು.

ಕಾರಣ ಲೆಕ್ಕದಲ್ಲಿದೆ. 3/8 ಇಂಚಿನ ಒರಟು ಥ್ರೆಡ್‌ನಲ್ಲಿ ಇಂಚಿಗೆ 16 ಸುತ್ತು. 25.4ನ್ನು 16ರಿಂದ ಭಾಗಿಸಿದರೆ ಎರಡು ಎಳೆಗಳ ಅಂತರ 1.5875 ಮಿ.ಮೀ. ಸಾಮಾನ್ಯ 10 ಮಿ.ಮೀ. ಬೋಲ್ಟ್‌ನಲ್ಲಿ ಅದು 1.5 ಮಿ.ಮೀ. ಒಂದು ಸುತ್ತಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹತ್ತು ಸುತ್ತಿಗೆ ಅರ್ಧ ಎಳೆಗಿಂತ ಹೆಚ್ಚು ತಪ್ಪಿರುತ್ತದೆ. ಸಾಲದ್ದಕ್ಕೆ ಬೋಲ್ಟ್‌ನ ದಪ್ಪವೂ ಅರ್ಧ ಮಿ.ಮೀ.ನಷ್ಟು ಹೆಚ್ಚು.

ಆಗ ಸುಲಭವಾಗಿ ಕಾಣುವ ದಾರಿ, ರಂಧ್ರವನ್ನು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕುವುದು. ಸುತ್ತ ಲೋಹ ಸಾಕಷ್ಟಿದ್ದರೆ, ಕೂರಿಸುವ ಭಾಗದ ತೂತೂ ಹೊಂದಿದರೆ ಅದು ನಡೆಯುತ್ತದೆ. ಉತ್ತಮ ದಾರಿ ಬೇರೆ: ಹಾಳಾದ ಥ್ರೆಡ್ಡನ್ನು ಡ್ರಿಲ್‌ನಿಂದ ತೆಗೆದು, ಅದಕ್ಕೆಂದೇ ಇರುವ ಟ್ಯಾಪ್‌ನಿಂದ ಹೊಸ ಥ್ರೆಡ್ ಕೊರೆದು, ಒಳಗೆ ಸ್ಟೀಲ್ ತಂತಿಯ ಸುರುಳಿ ಕೂರಿಸುವುದು. ಮೊದಲಿನ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ. ಟ್ಯಾಪನ್ನು ನೇರವಾಗಿ ಹಿಡಿದು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಬೇಕು. ಹಿಂದೆ ತಿರುಗಿಸದಿದ್ದರೆ ಲೋಹದ ಚೂರು ಸಿಕ್ಕಿಕೊಂಡು ಟ್ಯಾಪೇ ಮುರಿಯುತ್ತದೆ.

ಆದರೆ ಇದೆಲ್ಲಕ್ಕೂ ಮೊದಲು ಕೇಳಬೇಕಾದದ್ದು, ಥ್ರೆಡ್ ಯಾಕೆ ಹೋಯಿತು ಎಂದು. ಬೋಲ್ಟ್ ಬೇರೆ ಅಳತೆಯದೇ? ಗಿಡ್ಡವಾಗಿ ಎರಡೇ ಎಳೆ ಹಿಡಿದಿತ್ತೇ? ರಂಧ್ರದ ತಳದಲ್ಲಿ ಮಣ್ಣು ತುಂಬಿತ್ತೇ? ಅತಿಯಾಗಿ ಬಿಗಿದರೇ? ಕಾರಣ ತಿಳಿಯದೆ ಸುರುಳಿ ಕೂರಿಸಿದರೆ, ಅದೇ ಕೈ ಅದೇ ತಪ್ಪನ್ನು ಮತ್ತೆ ಮಾಡುತ್ತದೆ.

ನನ್ನ ವಾದ ಇಷ್ಟೇ. ತಿರುಪಿನ ಪಾಠಕ್ಕೆ ಹೊಳೆಯುವ ಹೊಸ ಬೋಲ್ಟ್ ಜೊತೆ ಹಾಳಾದದ್ದೊಂದನ್ನೂ ತರಬೇಕು. ತರಗತಿಯಲ್ಲಿ ಡ್ರಿಲ್, ಟ್ಯಾಪ್ ಎಲ್ಲಿಂದ, ಸಮಯವೆಲ್ಲಿ, ಮಕ್ಕಳ ಕೈಗೆ ಗಾಯವಾದರೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವು ಬೇಡವೇ ಬೇಡ. ಒಂದು ಇಂಚಿನ ಬೋಲ್ಟ್, ಒಂದು ಮಿಲಿಮೀಟರ್ ಬೋಲ್ಟ್ ಸಾಕು. ಎರಡನ್ನೂ ಹಲ್ಲಿಗೆ ಹಲ್ಲು ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿದರೆ, ಎಲ್ಲಿಂದ ತಪ್ಪುತ್ತದೆ ಎಂದು ಮಕ್ಕಳೇ ತೋರಿಸುತ್ತಾರೆ. ಅಳತೆ, ಭಾಗಾಕಾರ, ಇಳಿಜಾರು ಮೂರೂ ಹತ್ತು ನಿಮಿಷದಲ್ಲಿ ಬರುತ್ತವೆ.

ತಪ್ಪು ಆ ಪ್ರಶಿಕ್ಷಣಾರ್ಥಿಯದಲ್ಲ. "ಗೊತ್ತಿಲ್ಲ, ನಾಳೆ ಆ ಬೋಲ್ಟ್ ತಗೊಂಡು ಬಾ, ಒಟ್ಟಿಗೆ ನೋಡೋಣ" ಎನ್ನುವ ಶಿಕ್ಷಕಿಗೆ ಅಂಕ ಕೊಡುವ ಸಾಲು ನಮ್ಮ ನಮೂನೆಯಲ್ಲೇ ಇಲ್ಲ. ಯೋಜನೆ ತಪ್ಪಿತೆಂದು ಅಂಕ ಕಳೆಯುತ್ತೇವೆ. ಯಾಕೆ ತಪ್ಪಿತೆಂದು ಕೇಳುವುದಿಲ್ಲ. 'ಧ್ವನಿ ಏರಿಸಿ, ಇನ್ನೊಂದು ಚಾರ್ಟ್ ತನ್ನಿ' ಎಂದು ಬರೆದು ಬರುತ್ತೇವೆ. ಅದೂ ದಪ್ಪ ಬೋಲ್ಟ್ ಹಾಕಿದಂತೆಯೇ.

ಈ ಅವಧಿಯಿಂದ ನನ್ನ ನಮೂನೆಯ ಕೊನೆಯಲ್ಲಿ ಒಂದು ಸಾಲನ್ನು ಕೈಯಲ್ಲೇ ಬರೆದುಕೊಂಡಿದ್ದೇನೆ: 'ಯೋಜನೆಯಲ್ಲಿಲ್ಲದ ಪ್ರಶ್ನೆ ಬಂದಾಗ ಏನು ಮಾಡಿದರು?' ಕಾಲೇಜು ಇದನ್ನು ಅಚ್ಚಿನಲ್ಲೇ ಸೇರಿಸಲಿ ಎಂಬುದು ನನ್ನ ಕೋರಿಕೆ. ಆ ಹುಡುಗನ ಶಾಲೆಗೆ ಮತ್ತೆ ಹೋಗುವಾಗ ಎರಡು ಬೋಲ್ಟ್ ಒಯ್ಯುತ್ತೇನೆ.