ದತ್ತು ಕೊಡುವ ನಾಯಿ ಹಿಂದೆ ಯಾರನ್ನಾದರೂ ಕಚ್ಚಿತ್ತೇ? ಶೆಲ್ಟರ್‌ನವರು ಹೇಳಲೇಬೇಕೇ?

ನಾಯಿ ದತ್ತು ಬಗ್ಗೆ ಎರಡು ಬಗೆಯ ಮಾತುಗಳು ಫೋನಿಂದ ಫೋನಿಗೆ ಓಡಾಡುತ್ತಿರುತ್ತವೆ. ಒಂದು, 'ಶೆಲ್ಟರ್‌ನಲ್ಲಿ ಇರೋದೆಲ್ಲ ಕಚ್ಚೋ ನಾಯಿಗಳೇ, ಅದಕ್ಕೇ ಬಿಟ್ಟು ಹೋಗಿರ್ತಾರೆ.' ಇನ್ನೊಂದು, 'ಪ್ರೀತಿ ಕೊಟ್ಟರೆ ಯಾವ ನಾಯಿಯೂ ಕಚ್ಚಲ್ಲ, ಹಳೇ ಕತೆ ಕೇಳಬೇಡಿ.' ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಒಳ್ಳೆಯ ನಾಯಿಗೆ ಮನೆ ಸಿಗುವುದಿಲ್ಲ. ಎರಡನೆಯದನ್ನು ನಂಬಿದರೆ ಮನೆಯ ಮಗುವಿಗೆ ಅಪಾಯ. ಹಾಗಾದರೆ ನಾಯಿಯ ಹಿಂದಿನ ಕತೆಯನ್ನು ಹೇಳುವ ಹೊಣೆ ಯಾರದು? ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಕೊಟ್ಟ ಎರಡು ಕಡೆಗಳನ್ನು ನೋಡೋಣ.

ಕಾನೂನು ಏನು ಹೇಳುತ್ತದೆ?

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2018ರಿಂದ ಒಂದು ನಿಯಮವಿದೆ. ನಾಯಿ ಅಥವಾ ಬೆಕ್ಕು ಶೆಲ್ಟರ್‌ಗೆ ಬಂದಾಗಲೇ ಅದು ಮನುಷ್ಯರನ್ನೋ ಬೇರೆ ಪ್ರಾಣಿಯನ್ನೋ ಕಚ್ಚಿದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ದತ್ತು ಕೊಡುವಾಗ, ಮಾಲೀಕರಿಗೆ ಮರಳಿಸುವಾಗ ಅಥವಾ ಬೇರೆ ಸಂಸ್ಥೆಗೆ ಕಳಿಸುವಾಗ, ಗೊತ್ತಿರುವಷ್ಟನ್ನು ಹೇಳಬೇಕು: ಯಾವಾಗ ಕಚ್ಚಿತು, ಯಾವ ಸಂದರ್ಭದಲ್ಲಿ ಕಚ್ಚಿತು ಎಂದು.

ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಜಾರಿಯಾದ ಕಾನೂನು ಇನ್ನಷ್ಟು ನಿರ್ದಿಷ್ಟ. ನಾಲ್ಕು ತಿಂಗಳು ತುಂಬಿದ ನಾಯಿ ಮನುಷ್ಯರನ್ನು ಚರ್ಮ ಹರಿಯುವಂತೆ ಕಚ್ಚಿ, ಅದನ್ನು ಪ್ರತ್ಯೇಕವಾಗಿಟ್ಟು ನಿಗಾ ವಹಿಸಬೇಕಾಗಿ ಬಂದಿದ್ದರೆ, ಆ ಸಂಗತಿಯನ್ನು ಬರಹದಲ್ಲೇ ಕೊಡಬೇಕು. ತಿಳಿದುಕೊಂಡಿದ್ದೇವೆ ಎಂದು ದತ್ತು ಪಡೆಯುವವರ ಸಹಿಯನ್ನೂ ಪಡೆಯಬೇಕು. ತಪ್ಪಿದರೆ 500 ಡಾಲರ್‌ವರೆಗೆ ದಂಡ. ಶೆಲ್ಟರ್‌ಗಳಷ್ಟೇ ಅಲ್ಲ, ರೆಸ್ಕ್ಯೂ ತಂಡಗಳಿಗೂ ಇದು ಅನ್ವಯಿಸುತ್ತದೆ. ನಾಲ್ಕು ತಿಂಗಳ ಮಿತಿ ಇರುವುದರಿಂದ, ಅದಕ್ಕಿಂತ ಚಿಕ್ಕ ಮರಿಗಳು ಆಡುತ್ತಾ ಬಾಯಿ ಹಾಕುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಗಮನಿಸಿ: ಕಚ್ಚಿದ ನಾಯಿಯನ್ನು ದತ್ತು ಕೊಡಲೇಬಾರದು ಎಂದು ಈ ಎರಡೂ ನಿಯಮಗಳು ಹೇಳುವುದಿಲ್ಲ. ಮುಚ್ಚಿಟ್ಟು ಕೊಡಬೇಡಿ ಎನ್ನುತ್ತವೆ, ಅಷ್ಟೇ.

ಸಂದರ್ಭ ಯಾಕೆ ಮುಖ್ಯ?

'ಕಚ್ಚಿದೆ' ಎಂಬ ಒಂದೇ ಪದದಿಂದ ಏನೂ ತಿಳಿಯುವುದಿಲ್ಲ. ಮುರಿದ ಕಾಲನ್ನು ಮುಟ್ಟಿದಾಗ ನೋವಿನಿಂದ ಬಾಯಿ ಹಾಕಿದ ನಾಯಿಯೂ, ಊಟದ ತಟ್ಟೆಯ ಹತ್ತಿರ ಬಂದ ಮಕ್ಕಳ ಮೇಲೆ ಪದೇಪದೇ ಎರಗಿದ ನಾಯಿಯೂ ಒಂದೇ ಅಲ್ಲ. ಮೊದಲನೆಯದಕ್ಕೆ ಚಿಕಿತ್ಸೆ ಸಾಕಾಗಬಹುದು. ಎರಡನೆಯದು ಚಿಕ್ಕ ಮಕ್ಕಳಿರುವ ಮನೆಗೆ ಹೊಂದುವುದಿಲ್ಲ.

ಹಾಗಿದ್ದರೆ ಶೆಲ್ಟರ್‌ನವರೇ ಪರೀಕ್ಷೆ ಮಾಡಿ ಹೇಳಬಹುದಲ್ಲ ಎನ್ನಬಹುದು. ಕೃತಕ ಕೈಯಿಂದ ಊಟದ ತಟ್ಟೆ ಎಳೆಯುವಂಥ ಪರೀಕ್ಷೆಗಳು ಇವೆ. ಆದರೆ ಅವನ್ನು ಪರಿಶೀಲಿಸಿದ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜ್ಯಾನಿಸ್ ಬ್ರ್ಯಾಡ್ಲಿ, 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇವು ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚು ನಂಬಲರ್ಹವಲ್ಲ ಎಂದು ವಾದಿಸಿದರು. ಗದ್ದಲದ ಗೂಡಿನಲ್ಲಿ ಹೆದರಿ ಕೂತ ನಾಯಿ ಮನೆಯಲ್ಲಿ ಬೇರೆಯೇ ಆಗಿ ವರ್ತಿಸಬಹುದು. ಆದ್ದರಿಂದಲೇ ಹಿಂದೆ ನಿಜವಾಗಿ ನಡೆದದ್ದರ ದಾಖಲೆಗೆ ಬೆಲೆ.

ಈ ನಿಯಮಗಳಲ್ಲೂ ಒಂದು ತೂತು ಇದೆ. 'ಗೊತ್ತಿದ್ದರೆ' ಮಾತ್ರ ಹೇಳಬೇಕು. ನಾಯಿಯನ್ನು ಬಿಟ್ಟುಹೋಗುವ ಮಾಲೀಕರು, ನಿಜ ಹೇಳಿದರೆ ಅದನ್ನು ಕೊಂದುಬಿಡುತ್ತಾರೆ ಎಂಬ ಭಯದಿಂದ ಸುಮ್ಮನಿದ್ದರೆ ಶೆಲ್ಟರ್‌ಗೂ ತಿಳಿಯುವುದಿಲ್ಲ. ಬೀದಿಯಿಂದ ತಂದ ನಾಯಿಯಾದರೆ ಕೇಳಲು ಯಾರೂ ಇರುವುದಿಲ್ಲ. ಆಗ 'ಹಿಂದಿನದು ತಿಳಿದಿಲ್ಲ' ಎಂದು ಹೇಳುವುದೇ ಪ್ರಾಮಾಣಿಕತೆ. ಅದನ್ನು 'ಯಾವತ್ತೂ ಕಚ್ಚಿಲ್ಲ' ಎಂದು ಓದಿಕೊಳ್ಳಬಾರದು.

ನಮ್ಮಲ್ಲಿ ಹೇಗೆ?

ನಮ್ಮ ದೇಶದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಗಮನವೆಲ್ಲ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಮೇಲೆ. ಕ್ಯಾಲಿಫೋರ್ನಿಯಾದಂಥ ಸಹಿ ಪತ್ರ ಅದರಲ್ಲಿಲ್ಲ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆದರೆ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರರದ್ದೇ ಎಂದಿತು. ಇನ್ನು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ಬಳಿ ಇರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಂದರೆ ನಾಯಿ ಮನೆಗೆ ಬಂದ ಮೇಲೆ ಹೊಣೆ ನಿಮ್ಮದು. ಹೊಣೆ ಹೊರುವವರಿಗೆ ಮಾಹಿತಿ ಕೇಳುವ ಹಕ್ಕೂ ಇರಬೇಕಲ್ಲವೇ?

ದತ್ತು ಪಡೆಯುವ ಮೊದಲು ಇಷ್ಟು ಕೇಳಿ:

- ಈ ನಾಯಿ ಎಲ್ಲಿಂದ ಬಂತು? ಹಿಂದೆ ಯಾರಾದರೂ ದತ್ತು ಪಡೆದು ಮರಳಿಸಿದ್ದರೇ? ಏಕೆ?
- ಮನುಷ್ಯರನ್ನೋ ಬೇರೆ ಪ್ರಾಣಿಯನ್ನೋ ಕಚ್ಚಿದೆಯೇ? ಯಾವಾಗ, ಹೇಗೆ?
- ಮಕ್ಕಳು, ಬೇರೆ ನಾಯಿಗಳು, ಊಟದ ತಟ್ಟೆ, ಇವುಗಳ ಹತ್ತಿರ ಹೇಗಿರುತ್ತದೆ?
- ರೇಬೀಸ್ ಲಸಿಕೆ ಹಾಕಿದ ದಿನಾಂಕ ಯಾವುದು? ಕಾರ್ಡ್ ಇದೆಯೇ?

ಉತ್ತರಗಳನ್ನು ಬರಹದಲ್ಲೇ ಪಡೆಯಿರಿ. ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಸರಿ.

ಕೊನೆಯದಾಗಿ, ಲಸಿಕೆ ಹಾಕಿದ ನಾಯಿ ಎಂದು ಕಚ್ಚಿದ ಗಾಯವನ್ನು ಕಡೆಗಣಿಸಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ವೈದ್ಯರ ಬಳಿ ಹೋಗಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ತೀರಾ ಅಪರೂಪ. 'ಶೆಲ್ಟರ್ ನಾಯಿ ಬೇಡ' ಎಂಬ ಮೆಸೇಜ್ ಬಂದರೆ, ಮೇಲಿನ ನಾಲ್ಕು ಪ್ರಶ್ನೆಗಳನ್ನು ಅದಕ್ಕೆ ಉತ್ತರವಾಗಿ ಕಳಿಸಿ.