ಬೆಲ್ಟು ಕೂಗಿದರೆ ಸಾಬೂನು ಮದ್ದಲ್ಲ

ಹಳೆಯ ಮೋಟಾರು ಗಾಡಿಯನ್ನು ಮುಂಜಾನೆಯ ಚಳಿಯಲ್ಲಿ ಚಾಲನೆಗೊಳಿಸಿದೊಡನೆ ಅದರ ಮುಂಭಾಗದಿಂದ ಕರ್ಕಶವಾದ ಕೀರಲು ಧ್ವನಿಯೊಂದು ಹೊರಟು, ನೆರೆಹೊರೆಯವರನ್ನೆಲ್ಲ ಎಬ್ಬಿಸಿ, ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಅಡಗುವುದುಂಟು. ಗಾಡಿಯ ಯಜಮಾನನು ಇದನ್ನು ಮುದಿ ಯಂತ್ರದ ಗೊಣಗಾಟವೆಂದು ಎಣಿಸಿ ಸುಮ್ಮನಾಗುತ್ತಾನೆ. ಕೂಗು ಮಿತಿಮೀರಿದರೆ ಅದಕ್ಕೊಂದು ದಿಢೀರ್ ಚಿಕಿತ್ಸೆಯೂ ಸಿದ್ಧವಾಗಿದೆ. ಬೆಲ್ಟಿಗೆ ಸಾಬೂನಿನ ತುಂಡನ್ನು ತಿಕ್ಕುವುದು, ಇಲ್ಲವೆ ಡಬ್ಬಿಯಲ್ಲಿ ದೊರೆಯುವ ಅಂಟುದ್ರವವನ್ನು ಸಿಂಪಡಿಸುವುದು. ಸದ್ದು ನಿಲ್ಲುತ್ತದೆ; ಯಜಮಾನನಿಗೆ ಸಮಾಧಾನವಾಗುತ್ತದೆ. ಈ ಪದ್ಧತಿಯು ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದೆಂಬುದು ನಮ್ಮ ಅಭಿಪ್ರಾಯ. ಸದ್ದನ್ನು ಅಡಗಿಸುವುದು ಬೇರೆ, ಸದ್ದಿನ ಕಾರಣವನ್ನು ಕಳೆಯುವುದು ಬೇರೆ. ಈ ಭೇದವನ್ನು ನಮ್ಮ ವಿದ್ಯಾರ್ಥಿಗಳು ಯಂತ್ರದ ಮುಂದೆಯೇ ನಿಂತು ಮನಗಾಣಬೇಕು.

ಮೊದಲು ಈ ಬೆಲ್ಟು ಮಾಡುವ ಕೆಲಸವೇನೆಂಬುದನ್ನು ನೋಡೋಣ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಗಾಡಿಯ ಹಳೆಯ ಪೆಟ್ರೋಲು ಎಂಜಿನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ರೀಮಿಯರ್ ಪದ್ಮಿನಿಯ ಏರ್ಪಾಡೂ ಬಹುಮಟ್ಟಿಗೆ ಇದೇ. ಎಂಜಿನಿನ ಮುಂದುಗಡೆ ಮೂರು ರಾಟೆಗಳಿವೆ. ಕೆಳಗಿನದು ಕ್ರ್ಯಾಂಕ್ ದಂಡದ ರಾಟೆ. ಶಕ್ತಿಯನ್ನು ಕೊಡುವುದು ಇದು. ಮೇಲಿನದು ನೀರಿನ ಪಂಪಿನ ರಾಟೆ. ರೇಡಿಯೇಟರಿನ ಮೂಲಕ ಗಾಳಿಯನ್ನು ಸೆಳೆಯುವ ಪಂಖವೂ ಅದರೊಡನೆಯೇ ತಿರುಗುತ್ತದೆ. ಪಕ್ಕದ ಚಿಕ್ಕ ರಾಟೆಯು ಡೈನಮೊವಿನದು, ಇಲ್ಲವೆ ಆಲ್ಟರ್ನೇಟರಿನದು. ಈ ಮೂರನ್ನೂ ಬಳಸಿ ಬರುವ ಬೆಲ್ಟು ಒಂದೇ. ಎಂಜಿನಿಗೆ ತಂಪು, ಬ್ಯಾಟರಿಗೆ ವಿದ್ಯುತ್ತು, ಇವೆರಡೂ ಒಂದು ಬೆರಳಗಲದ ರಬ್ಬರು ಪಟ್ಟಿಯನ್ನು ನಂಬಿಕೊಂಡಿವೆ. ಆಲ್ಟರ್ನೇಟರು 14 ವೋಲ್ಟಿನಲ್ಲಿ 40 ಆಂಪೇರ್ ಪ್ರವಾಹವನ್ನು ಕೊಡುತ್ತಿದ್ದರೆ ಅದರ ಉತ್ಪತ್ತಿ 560 ವ್ಯಾಟು. ತನಗೆ ಬಂದ ಯಾಂತ್ರಿಕ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಅದು ವಿದ್ಯುತ್ತಾಗಿ ಪರಿವರ್ತಿಸುವುದರಿಂದ, ಬೆಲ್ಟು ಸುಮಾರು 1,000 ವ್ಯಾಟನ್ನು, ಎಂದರೆ ಒಂದು ಅಶ್ವಶಕ್ತಿಗೂ ಮಿಗಿಲಾದುದನ್ನು, ಆ ಚಿಕ್ಕ ರಾಟೆಗೆ ಮುಟ್ಟಿಸಬೇಕಾಗುತ್ತದೆ.

ಈ ಬೆಲ್ಟಿಗೆ ಹಲ್ಲುಗಳಿಲ್ಲ. ರಾಟೆಯನ್ನು ಅದು ಹಿಡಿದಿರುವುದು ಕೇವಲ ಘರ್ಷಣೆಯಿಂದ. ಉರುಳೆಗೆ ಸುತ್ತಿದ ಹಗ್ಗದ ಘರ್ಷಣೆಯನ್ನು 18ನೆಯ ಶತಮಾನದಲ್ಲಿಯೇ ಲಿಯೊನಾರ್ಡ್ ಆಯ್ಲರನು ಗಣಿತದಿಂದ ವಿವರಿಸಿದನು. ಬೆಲ್ಟಿನ ಬಿಗಿಯಾದ ಪಾರ್ಶ್ವದ ಎಳೆತವು ಸಡಿಲ ಪಾರ್ಶ್ವದ ಎಳೆತದ ಎಷ್ಟು ಪಟ್ಟಿನವರೆಗೆ ಏರಬಹುದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಒಂದು ಘರ್ಷಣಾಂಕ, ಇನ್ನೊಂದು ಬೆಲ್ಟು ರಾಟೆಯನ್ನು ಸುತ್ತಿರುವ ಕೋನ. ಘರ್ಷಣಾಂಕವು 0.3 ಆಗಿದ್ದು, ಚಪ್ಪಟೆಯಾದ ಬೆಲ್ಟು ಅರ್ಧ ಸುತ್ತು ಸುತ್ತಿದ್ದರೆ ಈ ಪ್ರಮಾಣವು ಸುಮಾರು 2.6. ಮೋಟಾರಿನ ಬೆಲ್ಟಾದರೋ ಚಪ್ಪಟೆಯಲ್ಲ. ಅದರ ಅಡ್ಡಕೊಯ್ತವು ಬೆಣೆಯ ಆಕಾರದ್ದು. ರಾಟೆಯ ಓರೆಗೋಡೆಗಳ ನಡುವೆ ಅದು ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ಘರ್ಷಣೆಯು ಮೂರು ಪಟ್ಟಾದಂತೆ ಆಗುತ್ತದೆ. ಆಗ ಆ ಪ್ರಮಾಣವು 2.6ರಿಂದ 17ರ ಸಮೀಪಕ್ಕೆ ಏರುತ್ತದೆ. ಸುತ್ತಿನ ಕೋನವು ಪರಿಧಿಯ ಮೂರನೆಯ ಒಂದು ಭಾಗಕ್ಕೆ ಇಳಿದರೆ ಅದೇ 17 ಸುಮಾರು 6.5ಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಚಿಕ್ಕದಾಗಿಯೂ ಕಡಿಮೆ ಸುತ್ತು ಪಡೆದುದಾಗಿಯೂ ಇರುವ ಆಲ್ಟರ್ನೇಟರಿನ ರಾಟೆಯ ಮೇಲೆಯೇ ಬೆಲ್ಟು ಮೊದಲು ಜಾರುವುದೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಜಾರಿದರೆ ಕೂಗೇಕೆ ಹೊರಡಬೇಕು? ಪಿಟೀಲಿನ ಕಮಾನನ್ನು ನೆನೆಯಿರಿ. ರಾಳ ಹಚ್ಚಿದ ಕೂದಲೆಳೆಗಳು ತಂತಿಯನ್ನು ಹಿಡಿದು ಸ್ವಲ್ಪ ದೂರ ಎಳೆಯುತ್ತವೆ. ತಂತಿಯ ಸೆಳೆತ ಹೆಚ್ಚಿದಾಗ ಹಿಡಿತ ತಪ್ಪುತ್ತದೆ. ತಂತಿ ಹಿಂದಕ್ಕೆ ಜಾರಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಹಿಡಿ-ಬಿಡು ಕ್ರಿಯೆಯೇ ನಾದವಾಗುವುದು. ಬೆಲ್ಟಿನಲ್ಲಿ ನಡೆಯುವುದೂ ಇದೇ. ಪಿಟೀಲಿನಲ್ಲಿ ಅದು ಸಂಗೀತ. ಬೆಲ್ಟಿನಲ್ಲಿ ಅದು ದೂರು.

ಈಗ ಸಾಬೂನಿನ ವಿಚಾರಕ್ಕೆ ಬರೋಣ. ಸಾಬೂನು ಮೇಲ್ಮೈಯನ್ನು ನುಣುಪುಗೊಳಿಸುತ್ತದೆ. ಹಿಡಿದು ಹಿಡಿದು ಜಾರುತ್ತಿದ್ದ ಬೆಲ್ಟು ಆಮೇಲೆ ಹಿಡಿಯದೆ ನಯವಾಗಿ ಜಾರತೊಡಗುತ್ತದೆ. ಸದ್ದು ನಿಂತಿತು, ಜಾರುವಿಕೆ ನಿಲ್ಲಲಿಲ್ಲ! ಜಾರುವಲ್ಲಿ ಕಳೆದುಹೋದ ಶಕ್ತಿಯೆಲ್ಲ ಶಾಖವಾಗಿ ರಬ್ಬರನ್ನು ಕಾಯಿಸುತ್ತದೆ. ಕಾದ ರಬ್ಬರು ಗಡುಸಾಗಿ ಗಾಜಿನಂತೆ ಹೊಳೆಯುತ್ತದೆ. ಗಡುಸಾದುದು ಇನ್ನಷ್ಟು ಜಾರುತ್ತದೆ. ಅಂಟುದ್ರವವು ಇದಕ್ಕೆ ಪ್ರತಿಯಾಗಿ ತಾತ್ಕಾಲಿಕವಾದ ಹಿಡಿತವನ್ನು ಕೊಡುವುದಾದರೂ ಧೂಳನ್ನು ಹಿಡಿದಿಟ್ಟುಕೊಂಡು, ಕೆಲವು ದಿನಗಳಲ್ಲಿ ಬೆಲ್ಟನ್ನೂ ರಾಟೆಯನ್ನೂ ಕೊಳಕುಗೊಳಿಸುತ್ತದೆ. ಈ ಅಭ್ಯಾಸ ಎಲ್ಲಿಂದ ಬಂದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಿಂದೆ ಗಿರಣಿಗಳಲ್ಲಿ ತೊಗಲಿನ ಬೆಲ್ಟುಗಳಿದ್ದುವು. ತೊಗಲು ಒಣಗಿ ಬಿರಿಯುವ ವಸ್ತು. ಅದಕ್ಕೆ ಎಣ್ಣೆಯ ಉಪಚಾರವೂ ರಾಳದ ಲೇಪವೂ ನ್ಯಾಯವಾಗಿಯೇ ಇದ್ದುವು. ತೊಗಲು ಹೋಗಿ ರಬ್ಬರು ಬಂದರೂ ಉಪಚಾರ ಮಾತ್ರ ಉಳಿದುಕೊಂಡಿತು. ಒಂದು ವಸ್ತುವಿನ ವಿಷಯದಲ್ಲಿ ಜ್ಞಾನವಾಗಿದ್ದುದು ಇನ್ನೊಂದರ ವಿಷಯದಲ್ಲಿ ಮೂಢನಂಬಿಕೆಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ವೈದ್ಯನು ಮದ್ದು ಕೊಡುವ ಮುನ್ನ ರೋಗಿಯನ್ನು ಪ್ರಶ್ನಿಸುವಂತೆ ನಾವು ಗಾಡಿಯನ್ನು ಪ್ರಶ್ನಿಸಬೇಕು. ಕೂಗು ಯಾವಾಗ ಬರುತ್ತದೆ? ಚಾಲನೆಯಾದೊಡನೆ ಬಂದು, ಒಂದೆರಡು ನಿಮಿಷಗಳಲ್ಲಿ ನಿಲ್ಲುವುದಾದರೆ, ಚಾಲನೆಯಲ್ಲಿ ಶಕ್ತಿ ಕಳೆದುಕೊಂಡ ಬ್ಯಾಟರಿಯನ್ನು ತುಂಬಲು ಆಲ್ಟರ್ನೇಟರು ಹೆಚ್ಚು ಭಾರ ಹೊತ್ತಿದೆಯೆಂದೂ, ಬೆಲ್ಟು ಆ ಭಾರಕ್ಕೆ ಸಾಲದೆಂದೂ ಅರ್ಥ. ದೀಪಗಳನ್ನು ಹೊತ್ತಿಸಿದಾಗ ಕೂಗು ಹೆಚ್ಚುವುದಾದರೆ ಅದೇ ಅನುಮಾನ ಬಲವಾಗುವುದು. ವೇಗವರ್ಧಕವನ್ನು ಥಟ್ಟನೆ ತುಳಿದಾಗ ಬರುವುದೂ ಜಾರುವಿಕೆಯೇ. ಎಂಜಿನಿಗಿಂತ ವೇಗವಾಗಿ ತಿರುಗುವ ಆಲ್ಟರ್ನೇಟರಿನ ಭಾರವಾದ ತಿರುಗುಣಿಯನ್ನು ಬೆಲ್ಟು ಒಮ್ಮೆಗೇ ಎಳೆಯಬೇಕಾಗುತ್ತದೆ. ಭಾರಕ್ಕೂ ಸದ್ದಿಗೂ ಸಂಬಂಧವಿಲ್ಲದೆ, ಗುಬ್ಬಚ್ಚಿಯ ಚಿಲಿಪಿಲಿಯಂತೆ ಬಿಟ್ಟು ಬಿಟ್ಟು ತಾಳಬದ್ಧವಾಗಿ ಬರುವ ಧ್ವನಿಯು ರಾಟೆಗಳು ಒಂದೇ ಸಮತಲದಲ್ಲಿಲ್ಲವೆಂಬುದರ ಸೂಚನೆ. ಎಡೆಬಿಡದ ಗೊರಗೊರ ಸದ್ದಾದರೆ ಅದು ಬೆಲ್ಟಿನದೇ ಅಲ್ಲದೆ ಯಾವುದೋ ಬೇರಿಂಗಿನದಾಗಿರಬಹುದು.

ಅನುಮಾನವನ್ನು ಪ್ರಯೋಗದಿಂದ ಪರೀಕ್ಷಿಸಬೇಕು. ಇದಕ್ಕೆ ಬೇಕಾದುದು ಒಂದು ಪಿಚಕಾರಿ ಶುದ್ಧ ನೀರು. ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ, ಕೈಯನ್ನು ದೂರದಲ್ಲಿಟ್ಟು, ಕಿಡಿಯನ್ನು ಹಂಚುವ ಭಾಗಕ್ಕೆ ತಗಲದಂತೆ, ಬೆಲ್ಟಿನ ಒಳಮೈಗೆ ಸ್ವಲ್ಪ ನೀರನ್ನು ಸಿಂಪಡಿಸಬೇಕು. ಸದ್ದು ಆ ಕ್ಷಣವೇ ಹೆಚ್ಚಾದರೆ ಬೆಲ್ಟು ಸಡಿಲವಾಗಿದೆ ಅಥವಾ ಸವೆದಿದೆ: ಮೊದಲೇ ಸಾಲದಿದ್ದ ಘರ್ಷಣೆಯನ್ನು ನೀರು ಇನ್ನಷ್ಟು ತಗ್ಗಿಸಿತು. ಸದ್ದು ನಿಂತು, ನೀರು ಆರಿದ ಮೇಲೆ ಮರಳಿದರೆ ರಾಟೆಗಳು ಓರೆಯಾಗಿವೆ: ಬೆಲ್ಟಿನ ಪಕ್ಕವು ರಾಟೆಯ ಗೋಡೆಯನ್ನು ಉಜ್ಜುತ್ತಿದ್ದುದನ್ನು ನೀರು ಕೊಂಚ ಹೊತ್ತು ನಯಗೊಳಿಸಿತು. ಏನೂ ಬದಲಾಗದಿದ್ದರೆ ಸದ್ದಿನ ಮೂಲವನ್ನು ಬೇರೆಡೆ ಹುಡುಕತಕ್ಕದ್ದು. ಮೂರು ಉತ್ತರಗಳು, ಮೂರಕ್ಕೂ ಬೇರೆ ಬೇರೆ ಅರ್ಥ, ಪ್ರಯೋಗವೆಂದರೆ ಹೀಗಿರಬೇಕು. ಸಾಬೂನಿನಿಂದ ಮಾತ್ರ ಎಲ್ಲ ರೋಗಕ್ಕೂ ಒಂದೇ ಉತ್ತರ ಬರುವುದು: ಮೌನ.

ತರುವಾಯ ಎಂಜಿನನ್ನು ನಿಲ್ಲಿಸಿ, ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು, ಬೆಲ್ಟನ್ನು ಕಳಚಿ ನೋಡಬೇಕು. ಪಕ್ಕಗಳು ಹೊಳೆಯುತ್ತಿದ್ದರೆ ಅದು ಬಹುಕಾಲ ಜಾರಿದೆ. ಬಿರುಕುಗಳಿದ್ದರೆ ಅದರ ಆಯುಸ್ಸು ಮುಗಿದಿದೆ. ಎಣ್ಣೆಯ ಜಿಡ್ಡಿದ್ದರೆ ಕ್ರ್ಯಾಂಕ್ ದಂಡದ ಮುಂಬದಿಯ ತಡೆಯುಂಗುರವನ್ನೂ, ನೀರಿನ ಕಲೆಯಿದ್ದರೆ ಪಂಪನ್ನೂ ಪರೀಕ್ಷಿಸಬೇಕು. ಸೋರಿಕೆಯನ್ನು ನಿಲ್ಲಿಸದೆ ಹಾಕಿದ ಹೊಸ ಬೆಲ್ಟಿಗೂ ಹಳೆಯದರ ಗತಿಯೇ. ರಾಟೆಯ ಗಾಡಿಯ ತಳವು ಉಜ್ಜಿ ಮಿನುಗುತ್ತಿದ್ದರೆ, ಸವೆದ ಬೆಲ್ಟು ತಳಕ್ಕೆ ಇಳಿದು ಕೂತಿತ್ತೆಂದು ತಿಳಿಯಬೇಕು. ಬೆಣೆಯು ಗೋಡೆಗಳನ್ನು ಬಿಟ್ಟು ತಳವನ್ನು ಮುಟ್ಟಿತೆಂದರೆ ಆ ಮೂರು ಪಟ್ಟಿನ ಲಾಭ ಹೋದಂತೆಯೇ. ಬೆಲ್ಟು ಕಳಚಿರುವಾಗಲೇ ಪಂಪು ಮತ್ತು ಆಲ್ಟರ್ನೇಟರಿನ ರಾಟೆಗಳನ್ನು ಕೈಯಿಂದ ತಿರುಗಿಸಿ, ಅಲುಗಿಸಿ ನೋಡತಕ್ಕದ್ದು. ಒರಟುತನವಾಗಲಿ ಓಲಾಟವಾಗಲಿ ಕಂಡುಬಂದರೆ ದೋಷವು ಬೇರಿಂಗಿನದು.

ದುರಸ್ತಿಯು ಈ ಪರೀಕ್ಷೆಯ ನಂತರದ ಮಾತು, ಮತ್ತು ಅದು ಸುಲಭ. ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ, ಮರದ ಸನ್ನೆಯನ್ನು ರಾಟೆಯ ಕಡೆಯ ಚೌಕಟ್ಟಿಗೆ ಮಾತ್ರ ಕೊಟ್ಟು, ಹೊರಕ್ಕೆ ಮೀಟಿ ಬಿಗಿಮಾಡಬೇಕು. ರಾಟೆಗಳ ನಡುವಣ ಅತ್ಯಂತ ಉದ್ದವಾದ ಭಾಗವನ್ನು ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಸುಮಾರು 12 ಮಿಲಿಮೀಟರು ಬಾಗುವಷ್ಟು ಬಿಗಿ ಸಾಮಾನ್ಯವಾಗಿ ಸಾಕು. ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕವಿದ್ದರೆ ಅದೇ ಪ್ರಮಾಣ. ಹೊಸ ಬೆಲ್ಟು ಸ್ವಲ್ಪ ಹೊತ್ತು ಓಡಿ ಗಾಡಿಯಲ್ಲಿ ಕೂತ ಮೇಲೆ ಸಡಿಲವಾಗುವುದರಿಂದ ಇನ್ನೊಮ್ಮೆ ಬಿಗಿತವನ್ನು ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸದ್ದು ನಿಲ್ಲುವವರೆಗೂ ಬಿಗಿಮಾಡುತ್ತ ಹೋಗುವುದು ಸಾಬೂನಿನಷ್ಟೇ ಕೆಟ್ಟ ಚಿಕಿತ್ಸೆ. ಮಿತಿಮೀರಿದ ಎಳೆತವು ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳನ್ನು ತಿಂದುಹಾಕುತ್ತದೆ. ಅಗ್ಗದ ಬೆಲ್ಟನ್ನು ಉಳಿಸಲು ದುಬಾರಿ ಪಂಪನ್ನು ಬಲಿಕೊಟ್ಟಂತಾಗುತ್ತದೆ.

ಇಷ್ಟಕ್ಕೆಲ್ಲ ಇಷ್ಟು ಗಂಭೀರವಾಗಿ ಮಾತನಾಡಬೇಕೆ ಎಂದು ಕೆಲವರು ಕೇಳಬಹುದು. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಏರುತ್ತಿರುವ ತುಂಬಿದ ಗಾಡಿಯನ್ನು ಕಲ್ಪಿಸಿಕೊಳ್ಳಿ. ಎಂಜಿನು ಅತಿ ಹೆಚ್ಚು ದುಡಿಯುತ್ತಿದೆ. ವೇಗ ಕಡಿಮೆಯಿರುವುದರಿಂದ ಎದುರುಗಾಳಿಯ ನೆರವಿಲ್ಲ. ಜಾರಿ ಜಾರಿ ಸುಟ್ಟ ಬೆಲ್ಟು ಅಲ್ಲಿ ಹರಿಯಿತೆಂದರೆ ಪಂಪೂ ಪಂಖವೂ ಒಟ್ಟಿಗೆ ನಿಲ್ಲುತ್ತವೆ. ವಿದ್ಯುತ್ತಿನ ಕೆಂಪು ದೀಪ ಹೊತ್ತಿಕೊಳ್ಳುವುದೂ ಶಾಖಮಾಪಕದ ಮುಳ್ಳು ಮೇಲೇರುವುದೂ ಒಟ್ಟೊಟ್ಟಿಗೆ ನಡೆದರೆ ಕಾರಣ ಇದೇ ಇರಬೇಕು. ಕೂಡಲೇ ನಿಲ್ಲಿಸದಿದ್ದರೆ ಎಂಜಿನಿನ ತಲೆಭಾಗ ಬಾಗಿ ಹೋಗಬಹುದು. ಗಾಬರಿಯಲ್ಲಿ ರೇಡಿಯೇಟರಿನ ಮುಚ್ಚಳವನ್ನು ತೆರೆದವರ ಮುಖಕ್ಕೆ ಒತ್ತಡದಲ್ಲಿದ್ದ ಕುದಿನೀರು ಚಿಮ್ಮುವುದು ಇನ್ನೂ ಘೋರ. ಇರುಳಿನಲ್ಲಾದರೆ ದೀಪಗಳೂ ಕ್ರಮೇಣ ಮಂಕಾಗುತ್ತವೆ. ವಾರಗಟ್ಟಲೆ ಕೂಗಿ ಕೂಗಿ ಎಚ್ಚರಿಸಿದ್ದ ಬೆಲ್ಟಿನ ಬಾಯಿಗೆ ಸಾಬೂನು ತುರುಕಿದವರು ಈ ಫಲಕ್ಕೆ ವಿಧಿಯನ್ನು ದೂರಲಾಗದು.

ಇನ್ನು ಕೆಲವರ ಆಕ್ಷೇಪಣೆ ಬೇರೆ. ಈಚಿನ ಗಾಡಿಗಳಲ್ಲಿ ಹಲವು ಏಣುಗಳುಳ್ಳ ಅಗಲವಾದ ಬೆಲ್ಟುಗಳೂ ಬಿಗಿತವನ್ನು ತಾವಾಗಿಯೇ ಕಾಯುವ ಸ್ಪ್ರಿಂಗುಗಳೂ ಬಂದಿವೆ, ವಿದ್ಯುತ್ ಗಾಡಿಗಳಲ್ಲಿ ಇಂಥ ಬೆಲ್ಟೇ ಬೇಕಿಲ್ಲ, ಹೀಗಿರಲು ಹಳೆಯ ಗಾಡಿಯ ವಿದ್ಯೆ ಏತಕ್ಕೆಂದು ಅವರು ಕೇಳುತ್ತಾರೆ. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಹೊಸ ಜಾತಿಯ ರಬ್ಬರಂತೂ ಹಳೆಯದರಂತೆ ಬಿರಿಯದೆ ಟೈರಿನಂತೆ ಸವೆಯುವುದರಿಂದ, ಬಿರುಕನ್ನು ಹುಡುಕುವ ಹಳೆಯ ಕಣ್ಣಿಗೆ ಅದರ ಮುಪ್ಪು ಕಾಣದು. ಏಣುಗಳ ಆಳವನ್ನು ಅಳೆದೇ ತಿಳಿಯಬೇಕು. ಆದರೆ ಇದು ನಮ್ಮ ಮಾತನ್ನೇ ಸಮರ್ಥಿಸುತ್ತದೆ. ಲಕ್ಷಣಗಳು ವಸ್ತುವಿನೊಡನೆ ಬದಲಾಗುತ್ತವೆ. ಬದಲಾಗದೆ ಉಳಿಯುವುದು ವಿಚಾರದ ಕ್ರಮ. ಕಾರಣವನ್ನು ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು: ಇದನ್ನು ಹಳೆಯ ಗಾಡಿಯಲ್ಲಿ ಕಲಿತವನು ಹೊಸದರ ಮುಂದೆಯೂ ದಿಕ್ಕುಗೆಡುವುದಿಲ್ಲ.

ರಸ್ತೆಬದಿಯ ಮೆಕ್ಯಾನಿಕನನ್ನು ದೂಷಿಸುವುದೂ ನಮ್ಮ ಉದ್ದೇಶವಲ್ಲ. ಕಿವಿಯಿಂದಲೇ ಬೇರಿಂಗನ್ನೂ ಬೆಲ್ಟನ್ನೂ ಬೇರ್ಪಡಿಸಬಲ್ಲ ಕುಶಲಿಗಳು ನಮ್ಮ ಸಣ್ಣ ಊರುಗಳಲ್ಲಿಯೂ ಇದ್ದಾರೆ. "ಸದ್ದೊಂದು ನಿಲ್ಲಿಸಿಕೊಡು, ಬೇಗ ಹೋಗಬೇಕು" ಎನ್ನುವ ಗಿರಾಕಿಗೆ ದೊರೆಯುವುದು ಅವನು ಕೇಳಿದ್ದೇ. ಪರೀಕ್ಷೆಗೆ ಅರ್ಧ ಗಂಟೆಯ ಕಾಲವನ್ನೂ ಅದಕ್ಕೆ ತಕ್ಕ ಕೂಲಿಯನ್ನೂ ಕೊಡಲು ನಾವು ಸಿದ್ಧರಿಲ್ಲದಿದ್ದರೆ ತಪ್ಪು ಯಾರದು?

ನಮ್ಮ ಶಾಲಾ ಕಾಲೇಜುಗಳಲ್ಲಿ ಘರ್ಷಣೆಯ ಪಾಠವು ಓರೆ ಹಲಗೆಯ ಮೇಲಿನ ಮರದ ತುಂಡಿನೊಡನೆ ಆರಂಭವಾಗಿ ಅದರೊಡನೆಯೇ ಮುಗಿಯುತ್ತದೆ. ಪ್ರಯೋಗಶಾಲೆಯ ಮೂಲೆಯಲ್ಲಿ ಗುಜರಿಯಿಂದ ತಂದ ಹಳೆಯ ಎಂಜಿನೊಂದನ್ನು ಇಟ್ಟು, ಮೂರು ರಾಟೆಗಳನ್ನು ಕೈಯಿಂದ ತಿರುಗಿಸಿ, ಬೆಲ್ಟನ್ನು ಬಿಗಿಮಾಡಿ, ಸಡಿಲಿಸಿ, ಒದ್ದೆಮಾಡಿ ನೋಡುವ ಅವಕಾಶವನ್ನು ಕೊಟ್ಟರೆ ಆಯ್ಲರನ ಸೂತ್ರವು ಕಂಠಪಾಠದ ಹೊರೆಯಾಗದೆ ಬೆರಳ ತುದಿಯ ಅನುಭವವಾಗುವುದು. ಕೈಗೆ ಮಸಿ ಹತ್ತುವುದೆಂದು ಹೆದರುವ ಕಾರಣವಿಲ್ಲ. ಮಸಿ ತೊಳೆದರೆ ಹೋಗುತ್ತದೆ. ಸಾಬೂನಿನ ನಿಜವಾದ ಉಪಯೋಗ ಅಲ್ಲಿದೆ.